ಮಕ್ಕಳ ‘ಸ್ಕ್ರೀನಿಂಗ್’ಗೆ ‘ತಪಾಸಣೆ’ ಒಪ್ಪುತ್ತಾ? ಮತ್ತೆ ‘ವಲಸೆ’, ‘ಗುಳೆ’ ಒಂದೇನಾ?

ಎಲ್ಲರಿಗೂ ನಮಸ್ಕಾರ. ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಕೇಳೋಕೆ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮಗುವಿನ ಆರೋಗ್ಯ ಕೆಡಿಸುವ ಮನೆಯ ಸಂಗತಿಗಳ ಬಗ್ಗೆ ಅದು. ಊಟ ಸಾಲುತ್ತಾ, ಕುಡಿಯುವ ನೀರು ಎಲ್ಲಿಂದ, ಅಪ್ಪ ಅಮ್ಮ ಊರಲ್ಲಿದ್ದಾರಾ, ಮಗು ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಾ, ಇಂಥವು.

ಸ್ಕ್ರೀನಿಂಗ್‌ಗೆ (ತೊಂದರೆ ಏನಾದರೂ ಇದೆಯಾ ಅಂತ ಎಲ್ಲ ಮಕ್ಕಳನ್ನೂ ಮೊದಲೇ ನೋಡುವುದಕ್ಕೆ) ಆರೋಗ್ಯ ಇಲಾಖೆಯ ಪದ ‘ತಪಾಸಣೆ’. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದು ತೂಕ, ಕಣ್ಣು, ಹಲ್ಲು ನೋಡುತ್ತದಲ್ಲ, ಅದಕ್ಕೆ ಈ ಪದ ಸರಿಯಾಗಿ ಕೂರುತ್ತದೆ. ಮನೆ ಬಾಗಿಲಲ್ಲಿ ನಿಂತು ‘ತಪಾಸಣೆಗೆ ಬಂದಿದ್ದೇವೆ’ ಅಂದರೆ ಕಥೆ ಬೇರೆ. ಒಬ್ಬ ತಾಯಿ ನಾವು ಏನೂ ಕೇಳುವ ಮೊದಲೇ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ರೇಷನ್ ಕಾರ್ಡ್, ಆಧಾರ್ ಎಲ್ಲಾ ತಂದು ಮುಂದೆ ಹಿಡಿದರು. ಆಮೇಲೆ ಏನು ಕೇಳಿದರೂ ‘ಏನೂ ತೊಂದ್ರಿ ಇಲ್ರಿ’ ಅಷ್ಟೇ.

‘ವಿಚಾರಿಸು’ ಚೆನ್ನಾಗಿದೆ. ‘ಬಂದು ವಿಚಾರಿಸಿಕೊಂಡು ಹೋದರು’ ಅಂದರೆ ಅದರಲ್ಲಿ ಅಕ್ಕರೆ ಇದೆ. ಆದರೆ ಅದನ್ನೇ ನಾಮಪದ ಮಾಡಿ ‘ವಿಚಾರಣೆ’ ಅಂದ ಕೂಡಲೇ ಠಾಣೆ, ಕೋರ್ಟು ನೆನಪಾಗುತ್ತದೆ. ಇದಕ್ಕೊಂದು ದಾರಿ ಬೇಕು.

ಹಸಿವಿನ ಪ್ರಶ್ನೆಯಲ್ಲೂ ಹಾಗೇ ಆಯಿತು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ, ಮಕ್ಕಳ ವೈದ್ಯರು ಎರಡೇ ಎರಡು ಪ್ರಶ್ನೆ ಕೇಳಲಿ ಅಂತ ಹೇಳಿತು. ಕಳೆದ 12 ತಿಂಗಳಲ್ಲಿ, ಕೈಗೆ ದುಡ್ಡು ಬರುವ ಮೊದಲೇ ಊಟದ ಸಾಮಾನು ತೀರುತ್ತೇನೋ ಅಂತ ಚಿಂತೆ ಆಗಿತ್ತಾ, ನಿಜಕ್ಕೂ ತೀರಿ ಮತ್ತೆ ತರಲು ದುಡ್ಡಿಲ್ಲದೆ ಹೋಗಿತ್ತಾ. ನಮ್ಮ ಮೊದಲ ಕರಡಿನಲ್ಲಿ ಇದು ‘ಆಹಾರ ಅಭದ್ರತೆ’ ಆಗಿತ್ತು, ಯಾರಿಗೂ ತಿಳಿಯಲಿಲ್ಲ. ‘ಜೋಳ ತೀರಿ, ತರಾಕ ರೊಕ್ಕ ಇಲ್ದಂಗ ಆಗಿತ್ತೇನ್ರಿ’ ಅಂದಾಗ ಜನ ಮಾತಾಡಿದರು.

ನನಗೆ ಜಾಸ್ತಿ ಕಾಡುತ್ತಿರುವುದು ‘ವಲಸೆ’. ‘ವಲಸೆ ಹೋಗುತ್ತೀರಾ’ ಅಂತ ಕೇಳಿದರೆ ಒಬ್ಬ ಅಜ್ಜಿ ‘ಇಲ್ಲಪ್ಪ, ನಮ್ದು ಇದ ಊರು’ ಅಂದರು. ಅವರ ಮಗ ಸೊಸೆ ಆಗ ಪುಣೆಯಲ್ಲಿ ಕಟ್ಟಡ ಕೆಲಸದಲ್ಲಿದ್ದರು, ಎರಡು ಮಕ್ಕಳು ಅಜ್ಜಿಯ ಹತ್ತಿರವೇ ಇದ್ದವು! ‘ಗುಳೆ ಹೋಗ್ಯಾರೇನು’ ಅಂದ ಮೇಲೆ ‘ಹೂಂ, ಹಬ್ಬಕ್ಕ ಬರ್ತಾರ’. ಅವರ ಕಿವಿಗೆ ವಲಸೆ ಅಂದರೆ ಊರು ಬಿಟ್ಟು ಹೋಗುವುದು, ಗುಳೆ ಅಂದರೆ ಹೋಗಿ ಬರುವುದು. ಸುಮ್ನೆ ‘ಇಲ್ಲ’ ಅಂತ ಗುರುತು ಹಾಕಿ ಎದ್ದಿದ್ದರೆ ಆ ಮಕ್ಕಳು ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ ಅಲ್ವಾ?

ಆರೋಗ್ಯದ ಮೇಲೆ ಪರಿಣಾಮ ಬೀರುವ ಊಟ, ನೀರು, ದುಡಿಮೆಯಂಥ ಬದುಕಿನ ಸಂಗತಿಗಳಿಗೆ ಪುಸ್ತಕದ ಪದವಾದ ‘ಸಾಮಾಜಿಕ ನಿರ್ಧಾರಕಗಳು’ ಅನ್ನುವುದನ್ನು ‘ಮನೆ ಪರಿಸ್ಥಿತಿ’ ಅಂತ ಬದಲಿಸಿದ್ದೇವೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಕುಷ್ಟಗಿ, ಸಿರುಗುಪ್ಪ ಕಡೆಯವರು ದಯವಿಟ್ಟು ಹೇಳಿ. ಭತ್ತದ ನಾಟಿಗೆ ಹದಿನೈದು ದಿನ ಹೋಗಿ ಬರುವುದನ್ನೂ ನಿಮ್ಮಲ್ಲಿ ಗುಳೆ ಅನ್ನುತ್ತಾರಾ, ಅದಕ್ಕೆ ಬೇರೆ ಮಾತಿದೆಯಾ? ಹಾಗೇ, ಅಕ್ಕರೆಯಿಂದ ‘ವಿಚಾರಿಸುವುದಕ್ಕೆ’ ನಿಮ್ಮ ಮನೆಗಳಲ್ಲಿ ಯಾವ ಪದ ಬಳಕೆಯಲ್ಲಿದೆ?