ಅಲೈನರ್ ಅಟ್ಯಾಚ್‌ಮೆಂಟ್ ಪದೇ ಪದೇ ಉದುರುತ್ತಿದೆ, ಮುಂದಿನ ಟ್ರೇ ಹಾಕಬಹುದಾ?

ಪ್ರಶ್ನೆ (ಬಾಗೇಪಲ್ಲಿ): ತಂಗಿ ಹಲ್ಲು ಸರಿಪಡಿಸೋಕೆ ಅಲೈನರ್ (ಒಂದಾದ ಮೇಲೊಂದು ಹಾಕೋ ಪಾರದರ್ಶಕ ಟ್ರೇಗಳು) ಹಾಕುತ್ತಿದ್ದಾಳೆ. ಅವಳ ಹಲ್ಲಿನ ಮೇಲೆ ಬೋರ್‌ವೆಲ್ ನೀರಿನ ಕಂದು ಕಲೆ ಇದೆ. ಕೋರೆಹಲ್ಲಿನ ಅಟ್ಯಾಚ್‌ಮೆಂಟ್ (ಟ್ರೇಗೆ ಹಿಡಿತ ಸಿಗಲೆಂದು ಹಲ್ಲಿಗೆ ಅಂಟಿಸೋ ಸಣ್ಣ ಉಬ್ಬು) ನಿಲ್ಲುತ್ತಿಲ್ಲ. ಆರನೇ ಟ್ರೇಗೂ ಹಲ್ಲಿಗೂ ನಡುವೆ ಅಲ್ಲೇ ಸಂದಿ ಬಿಟ್ಟಿದೆ. ಏಳನೆಯದು ಹಾಕಬಹುದಾ?

ಉತ್ತರ 1: ಬೇಡ ಸರ್. ಒಂದು ಟ್ರೇ ಹಲ್ಲು ಸರಿಸೋದೇ ಸುಮಾರು 0.25 ಮಿಲಿಮೀಟರ್, ಹಿಂದಿನದು ಬಾಕಿ ಇದ್ದರೆ ಮುಂದಿನದು ಕೂರಲ್ಲ. ಕೋರೆಹಲ್ಲು ಗುಂಡಗಿರೋದರಿಂದ ಹಿಡಿತವಿಲ್ಲದೆ ತಿರುಗೋದು ಕಷ್ಟ. ಮೊದಲು ಡಾಕ್ಟರ ಹತ್ರ ಅಟ್ಯಾಚ್‌ಮೆಂಟ್ ಅಂಟಿಸಿಕೊಳ್ಳಲಿ, ಆಮೇಲೆ ಅದೇ ಆರನೇ ಟ್ರೇ ದಿನಕ್ಕೆ 22 ಗಂಟೆ ಹಾಕಲಿ. ಟ್ರೇ ಸರಿಯಾಗಿ ಕೂರಲು ಚ್ಯೂಯಿ (ಕಚ್ಚೋ ಮೆತ್ತನೆ ಸುರುಳಿ) ಕಚ್ಚಿಸಿ.

ಉತ್ತರ 2: ಅಸಲು ತಕರಾರು ಎನಾಮಲ್‌ದು (ಹಲ್ಲಿನ ಗಟ್ಟಿ ಹೊರಪದರ). ಫ್ಲೋರೋಸಿಸ್ (ನೀರಿನ ಹೆಚ್ಚು ಫ್ಲೋರೈಡ್‌ನಿಂದ ಬರೋ ಕಲೆ) ಆದ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗಲ್ಲ. 37% ಫಾಸ್ಫೋರಿಕ್ ಆಸಿಡ್ ಮಾಮೂಲಿ 15–30 ಸೆಕೆಂಡ್ ಹಚ್ಚಿದರೆ ಅಟ್ಯಾಚ್‌ಮೆಂಟ್ ಮಾಡೋ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಕಚ್ಚಿಕೊಳ್ಳದೇ ಹೋಗಬಹುದು. ಮೇಲ್ಪದರ ತುಸು ಉಜ್ಜಿ, ಹೆಚ್ಚು ಹೊತ್ತು ಎಚ್ (ಆಸಿಡ್ ಹಚ್ಚಿ ಒರಟು) ಮಾಡೋಕಾಗುತ್ತಾ ಅಂತ ಡಾಕ್ಟರನ್ನ ಕೇಳಿ.

ಉತ್ತರ 3: ಟ್ರೇ ತೆಗೆಯೋ ರೀತಿನೂ ನೋಡಿ. ದವಡೆಹಲ್ಲಿನ ಒಳಬದಿಯಿಂದ ಬಿಡಿಸಬೇಕು. ಮುಂದಿನಿಂದ ಎಳೆದರೆ ಅಟ್ಯಾಚ್‌ಮೆಂಟೂ ಕಿತ್ತು ಬರುತ್ತೆ. ಟ್ರೇ ತೊಳೆಯೋಕೆ ಬಿಸಿನೀರು ಬೇಡ, ಸೊಟ್ಟಗಾಗುತ್ತೆ. ಐದನೇ ಟ್ರೇ ಎಸೀಬೇಡಿ, ಡಾಕ್ಟರ್ ಮತ್ತೆ ಅದನ್ನೇ ಹಾಕಿ ಅನ್ನಬಹುದು.