ತುರ್ತು: ‘ಮಾಬ್ ಫುಟ್‌ಬಾಲ್’ – ಗುಂಪೋ, ದೊಂಬಿಯೋ?

ಗೆಳೆಯರೇ,

ನಾಳೆ ಸಂಜೆಯೊಳಗೆ ಪುಟ ಅಚ್ಚಿಗೆ ಹೋಗಬೇಕು, ಮೂರು ಪದ ಗಂಟಲಲ್ಲೇ ನಿಂತಿವೆ. ಬ್ರಿಟನ್ನಿನಲ್ಲಿ ಕಾರ್ಖಾನೆಗಳು ಬರುವ ಮುಂಚೆ ಯಾರು ಏನು ಆಡುತ್ತಿದ್ದರು, ಯಾರಿಗೆ ಏನು ಆಡಲು ಬಿಡುತ್ತಿರಲಿಲ್ಲ ಅನ್ನುವ ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ.

‘ಮಾಬ್ ಫುಟ್‌ಬಾಲ್’ಗೆ ನಾನು ‘ಗುಂಪು ಕಾಲ್ಚೆಂಡಾಟ’ ಅಂತ ಹಾಕಿದ್ದೆ. ತಿದ್ದಿದವರು ‘ದೊಂಬಿ ಕಾಲ್ಚೆಂಡಾಟ’ ಮಾಡಿದ್ದಾರೆ. ಕ್ರೈಸ್ತರ ಲೆಂಟ್ ಉಪವಾಸ ಶುರುವಾಗುವ ಮುಂಚಿನ ಮಂಗಳವಾರ ಊರಿಗೆ ಊರೇ ಎರಡು ಪಾಳೆಯವಾಗಿ ಆಡುತ್ತಿದ್ದ ಆಟ. ತಲೆ ಎಣಿಕೆ ಇಲ್ಲ, ಗೆರೆ ಇಲ್ಲ, ಬೀದಿ, ಹೊಲ, ಹಳ್ಳ ಎಲ್ಲವೂ ಅಂಕಣವೇ.

‘ಪಾಸ್‌ಟೈಮ್’ಗೆ ‘ಕಾಲಕ್ಷೇಪ’ ಅಂದರೆ ಹರಿಕಥೆ ನೆನಪಾಗುತ್ತದೆ. ‘ಸ್ಪೋರ್ಟ್’ಗೆ ಕ್ರೀಡೆಯೋ ಆಟವೋ? ದಯವಿಟ್ಟು ಬೇಗ ಹೇಳಿ.

– ಎಸ್.

*

ಎಸ್. ಅವರೇ,

‘ಗುಂಪು’ ಸಪ್ಪೆ. ಹನ್ನೊಂದು ಜನ ಆಡಿದರೂ ಗುಂಪೇ ಅಲ್ವಾ? ‘ದೊಂಬಿ’ ಬೇಡವೇ ಬೇಡ. ಅದು ಕಿಟಕಿಯಿಂದ ನೋಡಿದವರ ಮಾತು, ಆಡಿದವರದ್ದಲ್ಲ. ‘ಮಾಬ್’ ಪದ ಇಂಗ್ಲಿಷಿಗೆ ಬಂದದ್ದೇ 17ನೇ ಶತಮಾನದ ಕೊನೆಗೆ. ಲ್ಯಾಟಿನ್ನಿನ ‘ಮೊಬಿಲೆ ವುಲ್ಗುಸ್’, ಅಂದರೆ ‘ಚಂಚಲ ಮಂದಿ’, ಅನ್ನುವುದನ್ನು ಮೊಟಕು ಮಾಡಿದ್ದು. ಆಟ ಅದಕ್ಕಿಂತ ಎಷ್ಟೋ ಹಳೆಯದು. 1314ರಲ್ಲೇ ಲಂಡನ್ನಿನ ಮೇಯರ್ ‘ಊರಲ್ಲಿ ಗಲಾಟೆ ಜಾಸ್ತಿಯಾಗಿದೆ’ ಅಂತ ಇದನ್ನು ನಿಷೇಧಿಸಿದ್ದ.

ಇನ್ನೊಂದು ತೊಡಕು ನೀವು ಗಮನಿಸಿಲ್ಲ. ‘ಕಾಲ್ಚೆಂಡು’ ಅಂತಲೂ ಬರೆಯುವಂತಿಲ್ಲ. ಡರ್ಬಿಶೈರಿನ ಆಷ್‌ಬರ್ನ್ ಊರಲ್ಲಿ ಈ ಆಟ ಇವತ್ತಿಗೂ ಉಳಿದಿದೆ. ಎರಡು ಗೋಲುಗಳ ನಡುವೆ ಸುಮಾರು ಮೂರು ಮೈಲಿ. ಹೆನ್ಮೋರ್ ಹೊಳೆಯ ಆ ದಡದವರು ಒಂದು ಪಾಳೆಯ, ಈ ದಡದವರು ಇನ್ನೊಂದು. ಅಲ್ಲಿ ಚೆಂಡನ್ನು ಒದೆಯುವುದೇ ಕಮ್ಮಿ. ಎದೆಗವಚಿಕೊಂಡು ನುಗ್ಗುತ್ತಾರೆ, ಹೊಳೆಗೂ ಇಳಿಯುತ್ತಾರೆ. ‘ಊರ ಚೆಂಡಾಟ’ ಅನ್ನಿ, ಮುಗಿಯಿತು.

– ಕೆ.ಆರ್.

*

‘ದೊಂಬಿ’ಯನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ. ದೊಂಬರಾಟದ ‘ದೊಂಬ’ನೇ ಅದರ ಬೇರು. ಅಂದರೆ ಅದರೊಳಗೇ ಆಟ ಇದೆ.

‘ಕ್ರೀಡೆ’ ಸಂಸ್ಕೃತ. ನಮ್ಮಲ್ಲಿ ‘ಆಡು’ ಧಾತು ಇದೆ, ‘ಆಟ’ ಇದೆ. ಎರವಲು ಯಾಕೆ? ‘ಪಾಸ್‌ಟೈಮ್’ಗೆ ‘ಹೊತ್ತುಗಳೆ’. ಹೊತ್ತು + ಕಳೆ, ಗಾದೇಶ. ಇದಕ್ಕಿಂತ ಚೆಂದದ ಪದ ಯಾವ ನುಡಿಯಲ್ಲಿದೆ ತೋರಿಸಿ.

– ಜಿ.ಎನ್.

*

> ದೊಂಬರಾಟದ ‘ದೊಂಬ’ನೇ ಅದರ ಬೇರು

ಆಧಾರ? ಮಾವಿಗೂ ಮಾವನಿಗೂ ನಂಟು ಹಚ್ಚುತ್ತೀರಾ?

> ಎರವಲು ಯಾಕೆ?

ಸ್ವಾಮಿ, ‘ಸ್ಪೋರ್ಟ್’ ಪದವೇ ಎರವಲು. ಹಳೇ ಫ್ರೆಂಚಿನ ‘ದೆಸ್ಪೋರ್’ನಿಂದ ಬಂದದ್ದು. ‘ಟೆನ್ನಿಸ್’ ಕೂಡ ಫ್ರೆಂಚೇ, ‘ತೆನೆ’, ಅಂದರೆ ‘ತಗೋ’ ಎಂದು ಕೂಗಿ ಚೆಂಡು ಹೊಡೆಯುತ್ತಿದ್ದರು ಅನ್ನುತ್ತಾರೆ. ‘ಪಾಸ್‌ಟೈಮ್’ ಅಂತೂ ಫ್ರೆಂಚಿನ ‘ಪಾಸ್‌ತಾಂ’ನ ಪಡಿಯಚ್ಚು. ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊರೆಗಳ ಮಾತು ಫ್ರೆಂಚು, ಉಳುವವರದ್ದು ಇಂಗ್ಲಿಷು. ಆಟದ ಹೆಸರುಗಳಲ್ಲೂ ಅದು ಕಾಣುತ್ತದೆ.

ನಮ್ಮಲ್ಲೂ ಹಾಗೇ ಅಲ್ವಾ? ಕಾವ್ಯದಲ್ಲಿ ಅರಸ ಮಾಡುವುದು ಜಲಕ್ರೀಡೆ, ವನಕ್ರೀಡೆ. ಬೀದಿಯ ಹುಡುಗರದ್ದು ಆಟ. ಹಾಗಾಗಿ ಎಸ್. ಅವರೇ, ಎರಡನ್ನೂ ಇಟ್ಟುಕೊಳ್ಳಿ. ದೊರೆಗಳದ್ದು ಕ್ರೀಡೆ, ಮಂದಿಯದ್ದು ಆಟ. ನಿಮ್ಮ ಪಾಠಕ್ಕೆ ಬೇಕಾದದ್ದೂ ಅದೇ. ಇಂಗ್ಲೆಂಡಿನ ದೊರೆ 8ನೇ ಹೆನ್ರಿಯ 1541ರ ಕಾಯಿದೆ ನೋಡಿ. ಕುಶಲಕರ್ಮಿ, ಆಳು, ಕೂಲಿ, ಕಸುಬು ಕಲಿಯುವ ಹುಡುಗ – ಇವರು ಯಾರೂ ಟೆನ್ನಿಸ್, ಚೆಂಡು ಉರುಳಿಸುವ ಬೋಲ್ಸ್ ಆಡುವಂತಿಲ್ಲ. ಕ್ರಿಸ್ಮಸ್ಸಿಗೆ ಮಾತ್ರ ಸಡಿಲ. ಜನ ಬಿಲ್ಲು ಹಿಡಿಯಲಿ ಅನ್ನುವುದು ಕಾರಣ. ವರ್ಷಕ್ಕೆ 100 ಪೌಂಡ್ ಭೂಮಿಯ ಆದಾಯ ಇದ್ದ ಒಡೆಯನಿಗೆ ಮಾತ್ರ ತನ್ನ ತೋಟದೊಳಗೆ ಆಡಿಸಲು ಅಡ್ಡಿಯಿಲ್ಲ. ಅದೇ ಚೆಂಡು, ಬೇಲಿಯ ಒಳಗೆ ಕ್ರೀಡೆ, ಹೊರಗೆ ಅಪರಾಧ.

– ಕೆ.ಆರ್.

*

ಅವರು ಎರವಲು ತಂದರೆ ಅದು ಅವರ ಪಾಡು. ಅವರು ಹಳ್ಳಕ್ಕೆ ಬಿದ್ದರು ಅಂತ ನಾವೂ ಬೀಳಬೇಕಾ? ಹೀಗೇ ಹೋದರೆ ನಾಳೆ ‘ಊಟ’ ಬಿಟ್ಟು ‘ಭೋಜನ’ ಅನ್ನುತ್ತೀರಿ.

– ಜಿ.ಎನ್.

*

ದೊರೆ ಮಾಡಿದರೆ ಭೋಜನ ಅಂತಲೇ ಅನ್ನುತ್ತೇವೆ. ತೊಂದರೆ ಏನು?

– ಕೆ.ಆರ್.

*

ಇಬ್ಬರಿಗೂ ನಮಸ್ಕಾರ. ಜಗಳ ಆಮೇಲೆ ಆಡಿ, ಇನ್ನೊಂದು ಪದ ಉಳಿದಿದೆ. ಹಣ ಕಟ್ಟಿ ಆಡುತ್ತಿದ್ದ 18ನೇ ಶತಮಾನದ ಕ್ರಿಕೆಟ್ ‘ಮ್ಯಾಚ್’ಗೆ ‘ಜೂಜಾಟ’ ಅನ್ನಬಹುದಾ?

– ಎಸ್.

*

ಬೇಡ. ಇಸ್ಪೀಟು ಅಂದುಕೊಳ್ಳುತ್ತಾರೆ. ‘ಪಂದ್ಯ’ ಅನ್ನಿ ಸಾಕು. ‘ಪಂದ್ಯ ಕಟ್ಟು’ ಅಂದರೆ ಬಾಜಿ ಕಟ್ಟುವುದು ತಾನೇ? ಪಣವೂ ಬಂತು, ಆಟವೂ ಬಂತು. ಆಗ ಹಣ ಇದ್ದದ್ದಕ್ಕೇ ನಿಯಮ ಬರೆದಿಡಬೇಕಾಯಿತು. 1727ರಲ್ಲಿ ರಿಚ್‌ಮಂಡಿನ ಡ್ಯೂಕ್ ಮತ್ತು ಬ್ರಾಡ್ರಿಕ್ ಎಂಬ ಧಣಿ ಮಾಡಿಕೊಂಡ ಕರಾರು ಉಳಿದಿದೆ. ಒಂದೊಂದು ಕಡೆಗೆ ಹನ್ನೆರಡು ಜನ. ಆಟಗಾರರು ಯಾರಾದರೂ ಆಟದ ಬಗ್ಗೆ ಅಭಿಪ್ರಾಯ ಹೇಳಿದರೆ ಹೊರಕ್ಕೆ. ಆದರೆ ಈ ನಿಯಮ ಡ್ಯೂಕಿಗೂ ಬ್ರಾಡ್ರಿಕ್‌ಗೂ ಇಲ್ಲ! ಜಾಗ ಇದ್ದರೆ ಇದನ್ನೂ ಪುಟಕ್ಕೆ ಹಾಕಿ.

– ಕೆ.ಆರ್.

*

ಅಂತಹ ನಿಯಮ ಈ ಬಳಗಕ್ಕೂ ಬೇಕು.

– ಜಿ.ಎನ್.

*

ಪುಟ ಹೋಯಿತು. ‘ಊರ ಚೆಂಡಾಟ’ ಉಳಿಯಿತು. ‘ದೊಂಬಿ’ಯನ್ನು ಮೇಯರನ ನಿಷೇಧ ಹೇಳುವ ಸಾಲಿನಲ್ಲಿ ಮಾತ್ರ ಬಿಟ್ಟಿದ್ದೇನೆ, ಅವನ ಬಾಯಿಗೆ ಒಪ್ಪುತ್ತದೆ. ಕ್ರೀಡೆ, ಆಟ ಎರಡೂ ಇವೆ. ‘ಪಂದ್ಯ’ವೂ ಇದೆ.

ಜಿ.ಎನ್. ಸಾರ್, ನಿಮ್ಮ ‘ಹೊತ್ತುಗಳೆ’ಯನ್ನೂ ಹಾಕಿದ್ದೆ. ಕರಡು ತಿದ್ದುವವರು ಅಚ್ಚಿನ ತಪ್ಪು ಅಂದುಕೊಂಡು ‘ಹೊತ್ತಗೆ’ ಮಾಡಿಬಿಟ್ಟಿದ್ದರು. ‘ಹಳ್ಳಿಯ ಜನರಿಗೆ ಹೊತ್ತಗೆಗಳು ಬಹಳ ಇಷ್ಟವಾಗಿದ್ದವು’ ಅಂತ ಓದಿಸುತ್ತಿತ್ತು. ಕೊನೇ ಗಳಿಗೆಯಲ್ಲಿ ಸಿಕ್ಕಿತು. ಈಗ ‘ಹೊತ್ತು ಕಳೆಯುವ ಆಟಗಳು’ ಅಂತ ಬಿಡಿಸಿ ಬರೆದಿದ್ದೇನೆ. ಬೈಯಬೇಡಿ.

– ಎಸ್.