12 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್), 19 ಜನ, ಚಾರ್ಮಾಡಿ ಘಾಟಿ: ಅನುಭವ ಇರೋರು ಹೇಳಿ

ಕೇಳಿದವರು (ಚಿಕ್ಕಮಗಳೂರು): ಅಕ್ಕನ ಮಗಳ ಮದುವೆ ಧರ್ಮಸ್ಥಳದಲ್ಲಿ. ಡ್ರೈವರ್ ಬಿಟ್ಟು 12 ಸೀಟಿನ ಟಿಟಿ ಹೇಳಿದ್ದೇವೆ, ಹೊರಡೋರು ಮಕ್ಕಳೂ ಸೇರಿ 19. "ನಡುವೆ ಸ್ಟೂಲ್ ಹಾಕ್ತೀನಿ, ಮಕ್ಕಳು ತೊಡೆ ಮೇಲೆ" ಅಂತಾರೆ ಗಾಡಿಯವರು. ಭಾವನೂ ಅಡ್ಜಸ್ಟ್ ಮಾಡ್ಕೊಳ್ಳೋಣ ಅಂತಿದಾರೆ. ನನಗೆ ಮನಸ್ಸು ಒಪ್ತಿಲ್ಲ.

ಘಾಟಿ ರೂಟಿನ ಡ್ರೈವರ್: ಒಪ್ಪಬೇಡಿ ಅಕ್ಕ. ಕೊಟ್ಟಿಗೆಹಾರ ದಾಟಿದ ಮೇಲೆ ನಿಮಗೆ ಬರೀ ಇಳಿಜಾರು. ಹೆಚ್ಚಿನ ಏಳು ಜನಕ್ಕೆ ತಲೆಗೆ 60 ಕೆಜಿ ಹಿಡಿದರೂ 420 ಕೆಜಿ, ಮಕ್ಕಳಿದ್ರೆ ಸ್ವಲ್ಪ ಕಮ್ಮಿ ಅನ್ನಿ, ಲಗೇಜು ಬೇರೆ. ತಿರುವು ತಿರುವಿಗೂ ಬ್ರೇಕ್ ಒತ್ತಿ ಒತ್ತಿ ಅದರ ಲೈನರ್ ಕಾದು ಸುಟ್ಟ ವಾಸನೆ ಬರುತ್ತೆ. ಬ್ರೇಕ್ ಆಯಿಲ್ ಕುದಿಯೋ ಮಟ್ಟಕ್ಕೆ ಹೋದ್ರೆ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತೆ. ಕೆಳ ಗೇರಲ್ಲಿ ಇಳಿಸಿದ್ರೆ ಎಂಜಿನ್ನೂ ತಡೆಯುತ್ತೆ, ಆದ್ರೆ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕೋ ಪುಣ್ಯಾತ್ಮರೂ ನಮ್ಮಲ್ಲಿದ್ದಾರೆ. ಹಿಂದೆ ಭಾರ ಜಾಸ್ತಿಯಾದ್ರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ, ಹೆಡ್‌ಲೈಟ್ ಎದುರಿನವನ ಕಣ್ಣಿಗೇ ಹೊಡೆಯುತ್ತೆ. ಮೇಲೆ ಕ್ಯಾರಿಯರ್ ತುಂಬಿಸಿದ್ರಂತೂ ತಿರುವಲ್ಲಿ ವಾಲೋದು ಕೂತವರಿಗೇ ಗೊತ್ತಾಗುತ್ತೆ.

ಇನ್ನೊಬ್ಬರು: ಎಲ್ರೂ ಹಾಗೇ ಹೋಗ್ತಾರಲ್ರೀ. ಹಿಡಿದ್ರೆ ದಂಡ ಕಟ್ಟಿದ್ರಾಯ್ತು.

ವಕೀಲರು, ಹಾಸನ: ದಂಡ ಸಣ್ಣದೇ ಸರ್. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಎ ಸೆಕ್ಷನ್ ಪ್ರಕಾರ ಹೆಚ್ಚಿನ ಒಬ್ಬೊಬ್ಬರಿಗೆ 200 ರೂಪಾಯಿ. ಆದರೆ ಹೆಚ್ಚಿನವರನ್ನು ಇಳಿಸಿ, ಅವರಿಗೆ ಬೇರೆ ವಾಹನ ಆಗುವ ತನಕ ಗಾಡಿ ಕದಲುವಂತಿಲ್ಲ ಅಂತಲೂ ಅಲ್ಲೇ ಇದೆ. ಬೆಳಗಿನ ಜಾವ ಘಾಟಿ ಬುಡದಲ್ಲಿ ಬೇರೆ ಗಾಡಿ ಎಲ್ಲಿಂದ ತರ್ತೀರಿ?

ವಿಮೆಯ ಕಥೆ ಇನ್ನೂ ಕಷ್ಟ. ಹಿಮಾಚಲದಲ್ಲಿ 42 ಜನರ ಬಸ್ಸಿಗೆ 90 ಜನ ತುಂಬಿ ಅಪಘಾತವಾದ ಪ್ರಕರಣದಲ್ಲಿ 2007ರ ಸುಪ್ರೀಂ ಕೋರ್ಟ್ ತೀರ್ಪು ಓದಿ. ಕಂಪನಿ ಕಟ್ಟಬೇಕಾದ್ದು 42 ಜನರ ಲೆಕ್ಕದ ಪರಿಹಾರ ಮಾತ್ರ. ಪರಿಹಾರಗಳಲ್ಲಿ ದೊಡ್ಡವು 42 ಆರಿಸಿ ಕೂಡಿ, ಆ ಹಣವನ್ನೇ ಎಲ್ಲರಿಗೂ ಹಂಚಬೇಕು. ಅಂದರೆ ಸೀಟಲ್ಲಿ ಸರಿಯಾಗಿ ಕೂತವರ ಪಾಲೂ ಕರಗುತ್ತೆ. ಉಳಿದದ್ದನ್ನು ಮಾಲೀಕನಿಂದ ವಸೂಲಿ ಮಾಡಬೇಕು. ಒಂದೇ ಟಿಟಿ ನಂಬಿಕೊಂಡವನ ಹತ್ತಿರ ಏನು ಸಿಕ್ಕೀತು?

ನರ್ಸ್, ಮಂಗಳೂರು: ತೊಡೆ ಮೇಲಿನ ಮಗುವನ್ನು ಜೋರು ಬ್ರೇಕ್ ಬಿದ್ದಾಗ ಯಾವ ತಾಯಿಯ ಕೈಯೂ ಹಿಡಿದಿಡಲ್ಲ. ಸ್ಟೂಲಿನವರಿಗೆ ಬೆಲ್ಟ್ ಇಲ್ಲ, ಸಾಲದ್ದಕ್ಕೆ ಬಾಗಿಲ ದಾರಿಯಲ್ಲೇ ಕೂತಿರ್ತಾರೆ. ಚಾರ್ಮಾಡಿಯಲ್ಲಿ ಒಬ್ಬರಿಗೆ ವಾಂತಿ ಬಂದ್ರೂ ಅಷ್ಟೂ ಜನ ಏಳಬೇಕು. ಗಾಡಿ ಮಗುಚಿದ್ರೆ ಹೊರಗೆ ಬರೋದು ಹೇಗೆ?

ಕೇಳಿದವರು: ಭಾವನಿಗೆ ವಕೀಲರ ಮಾತು ಓದಿ ಹೇಳಿದೆ, ಸುಮ್ಮನಾದ್ರು. ಎರಡನೇ ಟಿಟಿಗೆ ದುಡ್ಡು ಜಾಸ್ತಿ ಅಲ್ವಾ?

ಮೂಡಿಗೆರೆಯವರು: ಎರಡನೇ ಟಿಟಿ ಯಾಕೆ? ನೆಂಟರಲ್ಲಿ ಯಾರದ್ದಾದ್ರೂ ಏಳು ಸೀಟಿನ ಕಾರಿದ್ಯಾ ಕೇಳಿ. ಓಡಿಸೋರೂ ನಿಮ್ಮವರೇ ಆದ್ರೆ 12ಕ್ಕೆ 7, ಲೆಕ್ಕ ಸರಿಹೋಯ್ತು. ಮೂರನೇ ಸಾಲಲ್ಲಿ ಜನ ಕೂತ್ರೆ ಡಿಕ್ಕಿಯಲ್ಲಿ ಜಾಗ ಇರಲ್ಲ, ಅದಕ್ಕೆ ಪಾತ್ರೆ-ಪಗಡ ಇಲ್ಲಿಂದ ಹೊರಬೇಡಿ, ಛತ್ರದಲ್ಲೇ ಸಿಗುತ್ತಾ ಅಂತ ಫೋನ್ ಮಾಡಿ ಕೇಳ್ಕೊಳ್ಳಿ.